ಡಬ್ಬಿಯನ್ನು ಮಗುಚಿ ನೋಡಿದಾಗ: ಹಳೆಯ ಗೂಡ್ಸ್ ವ್ಯಾಗನ್ನಿನ ಭಾಗಗಳು ಮತ್ತು ಮಾದರಿ ತಯಾರಿಕೆ

ಬಳ್ಳಾರಿಯ ಕಾಲೇಜೊಂದರ ಸಭಾಂಗಣದಲ್ಲಿ, ರೈಲು ಮಾದರಿಗಳನ್ನು ತಯಾರಿಸುವ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಸಭಿಕರೆ,

ಈ ಮೇಜಿನ ಮೇಲೆ ನೀವು ತಯಾರಿಸಿ ತಂದ ವ್ಯಾಗನ್ನುಗಳ ಮಾದರಿಗಳು ಸಾಲಾಗಿ ನಿಂತಿವೆ. ಬಾಗಿಲು, ತಗಡಿನ ಮಡಿಕೆ, ರಿವೆಟ್ಟಿನ ಸಾಲು, ಮೈಮೇಲಿನ ಬರಹ, ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದೀರಿ. ಸಭೆ ಆರಂಭವಾಗುವ ಮೊದಲು ನಾನು ಒಂದೊಂದನ್ನೂ ಎತ್ತಿ, ಮಗುಚಿ, ಹೊಟ್ಟೆಯ ಕೆಳಗಿನ ಭಾಗವನ್ನು ನೋಡಿದೆ. ಅಲ್ಲಿ ಸರಳುಗಳಿವೆ, ಸಿಲಿಂಡರುಗಳಿವೆ, ಸನ್ನೆಗಳಿವೆ. ಆದರೆ ಹೆಚ್ಚಿನವುಗಳಲ್ಲಿ ಸರಳಿನ ಒಂದು ತುದಿ ಯಾವುದಕ್ಕೂ ಸೇರಿಲ್ಲ, ಸನ್ನೆಯನ್ನು ಒತ್ತಿದರೆ ಬ್ರೇಕು ಹಿಡಿಯುವ ಬದಲು ಬಿಡುವಂತೆ ಜೋಡಣೆಯಾಗಿದೆ. ಇದು ಶ್ರದ್ಧೆಯ ಕೊರತೆಯಲ್ಲ. ಫೋಟೋ ನಮಗೆ ಆಕಾರವನ್ನಷ್ಟೇ ಕೊಡುತ್ತದೆ, ಅದೂ ಒಂದು ಮಗ್ಗುಲಿನದು ಮಾತ್ರ. ಫೋಟೋದಲ್ಲಿ ಕಾಣದ ಮಗ್ಗುಲನ್ನು ತುಂಬಿಕೊಳ್ಳಬೇಕಾದರೆ ಆ ಭಾಗ ಏನು ಕೆಲಸ ಮಾಡುತ್ತಿತ್ತು, ಅದನ್ನು ಯಾರ ಕೈ ಅಥವಾ ಯಾವ ಬಲ ಅಲುಗಿಸುತ್ತಿತ್ತು ಎಂಬುದು ತಿಳಿದಿರಬೇಕು. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ನನ್ನ ತಂದೆಯವರು ಗುಂತಕಲ್ ಯಾರ್ಡಿನಲ್ಲಿ ವ್ಯಾಗನ್ ಫಿಟ್ಟರ್ ಆಗಿದ್ದರು. ನಾನು ಮೊದಲ ಮಾದರಿಯನ್ನು ರಟ್ಟು ಮತ್ತು ತಂತಿಯಲ್ಲಿ ಮಾಡಿ ಅವರ ಮುಂದಿಟ್ಟಾಗ ಅವರು ಮೇಲ್ಭಾಗವನ್ನು ನೋಡಲೇ ಇಲ್ಲ. ಮಗುಚಿ ಹಿಡಿದು, ನಾನು ಅಡ್ಡಲಾಗಿ ಅಂಟಿಸಿದ್ದ ಬ್ರೇಕ್ ಸಿಲಿಂಡರಿನ ಮೇಲೆ ಬೆರಳಿಟ್ಟು, “ತಮ್ಮಾ, ಇದರ ಪಿಸ್ಟನ್ ಕೆಳಗ ಹೆಂಗ ಬೀಳತೈತಿ?” ಎಂದು ಕೇಳಿದರು. ಆ ಪ್ರಶ್ನೆಯ ಅರ್ಥ ನನಗೆ ಪೂರ್ತಿಯಾಗಿ ತಿಳಿಯಲು ಕೆಲವು ವರ್ಷಗಳೇ ಬೇಕಾದವು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಗಾಲಿ ಮತ್ತು ಅಚ್ಚು. ನಮ್ಮ ಕಡೆಯ ಚಕ್ಕಡಿಯಲ್ಲಿ ಅಚ್ಚು ಬಂಡಿಗೆ ಬಿಗಿದುಕೊಂಡು ನಿಶ್ಚಲವಾಗಿರುತ್ತದೆ, ಗಾಲಿ ಅದರ ಮೇಲೆ ತಿರುಗುತ್ತದೆ. ಆದ್ದರಿಂದ ಕೀಲೆಣ್ಣೆಯನ್ನು ಗಾಲಿಯ ಗುಂಬಕ್ಕೆ ಹಾಕುತ್ತೇವೆ. ರೈಲಿನಲ್ಲಿ ಇದು ತಿರುವುಮುರುವು. ಎರಡು ಗಾಲಿಗಳನ್ನೂ ಅಚ್ಚಿನ ಮೇಲೆ ಒತ್ತಿ ಕೂರಿಸಿರುವುದರಿಂದ ಅಚ್ಚೂ ಗಾಲಿಯೂ ಒಟ್ಟಿಗೆ ತಿರುಗುತ್ತವೆ, ಡಬ್ಬಿಯ ಭಾರವೆಲ್ಲ ಗಾಲಿಯ ಹೊರಗೆ ಚಾಚಿಕೊಂಡ ಅಚ್ಚಿನ ತುದಿಗಳ ಮೇಲೆ ಕೂರುತ್ತದೆ. ಆ ತುದಿಯನ್ನು ಒಳಗೊಂಡ ಎರಕದ ಪೆಟ್ಟಿಗೆಯೇ ಆಕ್ಸಲ್ ಬಾಕ್ಸ್. ಹಳೆಯ ವ್ಯಾಗನ್ನುಗಳ ಪೆಟ್ಟಿಗೆಯಲ್ಲಿ ಅಚ್ಚಿನ ಮೇಲ್ಭಾಗಕ್ಕೆ ಮಾತ್ರ ಕವುಚಿದ ಹಿತ್ತಾಳೆಯ ಬೇರಿಂಗ್ ಇರುತ್ತಿತ್ತು, ಕೆಳಭಾಗದಲ್ಲಿ ಎಣ್ಣೆಯಲ್ಲಿ ನೆನೆಸಿದ ವೇಸ್ಟನ್ನು, ಅಂದರೆ ನೂಲಿನ ಚಿಂದಿಯನ್ನು, ತುಂಬಿರುತ್ತಿದ್ದರು. ಅಚ್ಚು ತಿರುಗಿದಂತೆ ಆ ಚಿಂದಿಯಿಂದ ಎಣ್ಣೆಯನ್ನು ಮೇಲಕ್ಕೆ ಒಯ್ಯುತ್ತಿತ್ತು. ಎಣ್ಣೆ ಒಣಗಿದರೆ ಅಥವಾ ಚಿಂದಿ ಸರಿದರೆ ಬೇರಿಂಗ್ ಕಾಯುತ್ತಿತ್ತು, ಹೊಗೆ ಬರುತ್ತಿತ್ತು, ಕೊನೆಗೆ ಅಚ್ಚೇ ಮುರಿಯಬಹುದಾಗಿತ್ತು. ಇದನ್ನು ಯಾರ್ಡಿನವರು ‘ಹಾಟ್ ಆಕ್ಸಲ್’ ಎನ್ನುತ್ತಿದ್ದರು. ಗಾಡಿ ನಿಂತ ಕೂಡಲೇ ತಂದೆಯವರು ಡಬ್ಬಿಯಿಂದ ಡಬ್ಬಿಗೆ ನಡೆಯುತ್ತ, ಪ್ರತಿ ಪೆಟ್ಟಿಗೆಯ ಮೇಲೂ ಅಂಗೈಯ ಹಿಂಬದಿಯನ್ನು ಇಟ್ಟು ಬಿಸಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಮಾದರಿಕಾರರಿಗೆ ಇದರಿಂದ ತಿಳಿಯಬೇಕಾದ್ದು ಹಲವು. ಎಣ್ಣೆ ಹಾಕಲು, ಚಿಂದಿ ತುಂಬಲು ಪೆಟ್ಟಿಗೆಯ ಮುಂಭಾಗವನ್ನು ತೆರೆಯಲೇಬೇಕು. ಆದ್ದರಿಂದ ಅಲ್ಲಿ ಒಂದು ಮುಚ್ಚಳ ಇರಲೇಬೇಕು. ಆ ಮುಚ್ಚಳ ತಿರುಗುವುದಿಲ್ಲ. ಇಂದಿನ ಬಾಕ್ಸ್‌ಎನ್ ಎಂಬ, ಅದಿರು ಕಲ್ಲಿದ್ದಲು ಸಾಗಿಸುವ ತೆರೆದ ವ್ಯಾಗನ್ನಿನಲ್ಲಾದರೋ ರೋಲರ್ ಬೇರಿಂಗ್ ಇರುವುದರಿಂದ ಅಚ್ಚಿನ ತುದಿಗೆ ಬೋಲ್ಟುಗಳಿಂದ ಬಿಗಿದ ಟೋಪಿಯಂಥ ಮುಚ್ಚಳ ಹೊರಗೇ ಕಾಣುತ್ತದೆ, ಗಾಲಿಯೊಂದಿಗೆ ತಾನೂ ತಿರುಗುತ್ತದೆ. ಬಣ್ಣದಲ್ಲಿಯೂ ಈ ವ್ಯತ್ಯಾಸ ತೋರಬೇಕು. ಹಳೆಯ ಪೆಟ್ಟಿಗೆಯಿಂದ ಎಣ್ಣೆ ಜಿನುಗಿ ಗಾಲಿಯ ಮುಖದ ಮೇಲೆ ಸಿಡಿದು, ಅದರ ಮೇಲೆ ಧೂಳು ಕೂತು ಕಪ್ಪು ಮೇಣದಂಥ ಪದರವಾಗುತ್ತಿತ್ತು. ರೋಲರ್ ಬೇರಿಂಗಿನ ಗಾಲಿ ಒಣಗಿರುತ್ತದೆ, ತುಕ್ಕಿನ ಬಣ್ಣವನ್ನೋ ನಮ್ಮ ಸಂಡೂರಿನ ಅದಿರಿನ ಕೆಂಪನ್ನೋ ಹೊತ್ತಿರುತ್ತದೆ.

ಪೆಟ್ಟಿಗೆಯ ಮೇಲೆ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಸ್ಪ್ರಿಂಗ್ ಇರುತ್ತದೆ. ಪೆಟ್ಟಿಗೆಯ ಎರಡೂ ಪಕ್ಕಗಳಲ್ಲಿ ಇಳಿಬಿದ್ದ ಕಬ್ಬಿಣದ ತಗಡುಗಳು ಆಕ್ಸಲ್ ಗಾರ್ಡುಗಳು. ಭಾರವನ್ನು ಹೊರುವುದು ಇವುಗಳ ಕೆಲಸವೆಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ಭಾರವೆಲ್ಲ ಸ್ಪ್ರಿಂಗಿನದು, ಗಾರ್ಡು ಪೆಟ್ಟಿಗೆಯನ್ನು ಹಿಂದೆ ಮುಂದೆ ಸರಿಯದಂತೆ ತಡೆದು, ಮೇಲೆ ಕೆಳಗೆ ಜಾರಲು ಮಾತ್ರ ದಾರಿ ಬಿಡುತ್ತದೆ. ಹಾಗೆ ಜಾರಬೇಕಾದರೆ ಪೆಟ್ಟಿಗೆಯ ಮೇಲೆ ಸ್ವಲ್ಪ ತೆರಪು ಬೇಕು. ಆ ತೆರಪನ್ನು ಅಂಟಿನಿಂದ ಮುಚ್ಚಿಬಿಟ್ಟರೆ ವ್ಯಾಗನ್ ಕಲ್ಲಿನ ಕಟ್ಟೆಯಂತೆ ಕಾಣುತ್ತದೆ. ಎಷ್ಟು ಜಾರುತ್ತದೆ ಎಂಬುದಕ್ಕೂ ಒಂದು ಅಂದಾಜಿದೆ. ನಮ್ಮ ಬ್ರಾಡ್ ಗೇಜಿನಲ್ಲಿ, ಅಂದರೆ ಅಗಲ ಹಳಿಯ ಮಾರ್ಗದಲ್ಲಿ, ಬಫರಿನ (ಡಬ್ಬಿಯ ತುದಿಯಲ್ಲಿ ನೂಕನ್ನು ತಡೆಯುವ ತಟ್ಟೆಯ) ಮಧ್ಯಬಿಂದು ಹಳಿಯಿಂದ, ಖಾಲಿ ಇದ್ದಾಗ ಹೆಚ್ಚೆಂದರೆ 1105 ಮಿಲಿಮೀಟರ್, ತುಂಬಿದಾಗ ಕಡಿಮೆಯೆಂದರೆ 1030 ಮಿಲಿಮೀಟರ್ ಎತ್ತರದಲ್ಲಿರಬೇಕು. ಗಾಲಿಯ ಸವೆತವನ್ನೂ ಒಳಗೊಂಡ ಈ 75 ಮಿಲಿಮೀಟರ್ ಅಂತರ 1:87ರ, ಅಂದರೆ ಮೂಲದ 87ರಲ್ಲಿ ಒಂದು ಭಾಗದ ಅಳತೆಯ, ಮಾದರಿಯಲ್ಲಿ ಒಂದು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಅಷ್ಟೇ ಆದರೂ ಒಂದೇ ಸಾಲಿನಲ್ಲಿ ತುಂಬಿದ ಡಬ್ಬಿಯನ್ನೂ ಖಾಲಿ ಡಬ್ಬಿಯನ್ನೂ ನಿಲ್ಲಿಸಿದಾಗ ಕಣ್ಣು ಅದನ್ನು ಹಿಡಿಯುತ್ತದೆ. ತುಂಬಿದ ಡಬ್ಬಿಯ ಸ್ಪ್ರಿಂಗನ್ನು ಚಪ್ಪಟೆಯಾಗಿಯೂ ಖಾಲಿಯದನ್ನು ಬಾಗಿಸಿಯೂ ಮಾಡಿ ನೋಡಿ.

ಅಳತೆಯ ಮಾತು ಬಂದದ್ದರಿಂದ ಗೇಜಿನ ತೊಡಕನ್ನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಎಂಬ ಮಾದರಿ ಹಳಿಯ ಅಗಲ 16.5 ಮಿಲಿಮೀಟರ್. ಅದು 1435 ಮಿಲಿಮೀಟರಿನ ವಿದೇಶಿ ಗೇಜಿಗೆ 1:87ರಲ್ಲಿ ಹೊಂದುವ ಅಳತೆ. ನಮ್ಮ 1676 ಮಿಲಿಮೀಟರ್ ಗೇಜಿಗೆ ಅದೇ ಪ್ರಮಾಣದಲ್ಲಿ ಸುಮಾರು 19.25 ಮಿಲಿಮೀಟರ್ ಬೇಕು. ಆದ್ದರಿಂದ ನಮ್ಮ ಡಬ್ಬಿಯನ್ನು 1:87ಕ್ಕೆ ಸರಿಯಾಗಿ ಮಾಡಿ ಅಂಗಡಿಯ ಹಳಿಯ ಮೇಲೆ ಇಟ್ಟರೆ ಗಾಲಿಗಳು ಎರಡೂ ಕಡೆ ಸುಮಾರು 1.4 ಮಿಲಿಮೀಟರಿನಷ್ಟು ಒಳಗೆ ಸರಿಯುತ್ತವೆ. ಆಕ್ಸಲ್ ಬಾಕ್ಸ್ ತನ್ನ ಜಾಗದಲ್ಲಿಯೇ ಉಳಿಯುತ್ತದೆ, ಅದಕ್ಕೆ ಹೊಂದಿಸಿ ಜೋಡಿಸಿದ ಬ್ರೇಕ್ ಕಟ್ಟೆ (ಬ್ರೇಕು ಹಾಕಿದಾಗ ಗಾಲಿಯನ್ನು ಒತ್ತುವ ತುಂಡು) ಗಾಲಿಯ ಮೈಯನ್ನು ಬಿಟ್ಟು ಗಾಳಿಯಲ್ಲಿ ತೂಗುತ್ತದೆ. ಮೇಜಿನ ಮೇಲಿನ ಮೂರು ಮಾದರಿಗಳಲ್ಲಿ ಹೀಗಾಗಿದೆ. ಹಳಿಯನ್ನು ನೀವೇ ಹಾಕಿಕೊಳ್ಳುವುದಾದರೆ 19.25 ಇಟ್ಟುಕೊಳ್ಳಿ, ಅಂಗಡಿಯ ಹಳಿಯೇ ಬೇಕೆಂದರೆ ಡಬ್ಬಿಯನ್ನು 1:100ರ ಪ್ರಮಾಣಕ್ಕೆ ಇಳಿಸಿ, ಆಗ 16.76 ಬರುತ್ತದೆ, ವ್ಯತ್ಯಾಸ ಕಣ್ಣಿಗೆ ಕಾಣದು. ಹಳೆಯ ನಕ್ಷೆಗಳು ಅಡಿ, ಅಂಗುಲಗಳಲ್ಲಿ ಇರುವುದರಿಂದ ಕೆಲವರು ಅಡಿಗೆ 4 ಮಿಲಿಮೀಟರಿನ ಪ್ರಮಾಣವನ್ನು ಆರಿಸಿಕೊಳ್ಳುತ್ತಾರೆ. ಅದರಲ್ಲಿ ನಮ್ಮ ಐದೂವರೆ ಅಡಿ ಗೇಜು ಸರಿಯಾಗಿ 22 ಮಿಲಿಮೀಟರ್ ಆಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಈ ಪ್ರದೇಶದಲ್ಲಿ ಎರಡೂ ಗೇಜುಗಳು ಇದ್ದವು ಎಂಬುದನ್ನು ಮರೆಯಬಾರದು. ಮುಂಬಯಿ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಹಳಿಯೂ ಮದರಾಸು ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ, ಅದು ಬ್ರಾಡ್ ಗೇಜು. 1876–78ರ ಭೀಕರ ಬರದ ನಂತರ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯದು ಮೀಟರ್ ಗೇಜು. ಹುಬ್ಬಳ್ಳಿಯಿಂದ ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೇಲೆ ಗುಂತಕಲ್ಲಿಗೆ ಹೋಗುವ ಮಾರ್ಗದಲ್ಲಿ ಮೀಟರ್ ಗೇಜಿನ ಗಾಡಿಗಳು 1990ರ ದಶಕದವರೆಗೂ ಓಡಿದವು. ನಿಮ್ಮಲ್ಲಿ ಹಿರಿಯರು ಅವುಗಳಲ್ಲಿ ಪ್ರಯಾಣ ಮಾಡಿದವರೇ. ಎರಡೂ ಗೇಜುಗಳ ವ್ಯಾಗನ್ನುಗಳನ್ನು ಒಂದು ನೋಟದಲ್ಲಿ ಬೇರ್ಪಡಿಸುವುದು ಅವುಗಳ ಮೂತಿ. ಬ್ರಾಡ್ ಗೇಜಿನ ಹಳೆಯ ಡಬ್ಬಿಗೆ ಎರಡು ಪಕ್ಕಗಳಲ್ಲಿ ಬಫರುಗಳು, ಅವುಗಳ ಮಧ್ಯಬಿಂದುಗಳ ನಡುವೆ 1956 ಮಿಲಿಮೀಟರ್ ಅಂತರ, ನಡುವೆ ಕೊಂಡಿ ಮತ್ತು ಡಬ್ಬಿಗಳನ್ನು ಜೋಡಿಸುವ ಸ್ಕ್ರೂ ಕಪ್ಲಿಂಗ್. ಮೀಟರ್ ಗೇಜಿನದಕ್ಕೆ ನಡುವೆ ಒಂದೇ ಬಫರ್. ದೂಡುವುದೂ ಎಳೆಯುವುದೂ ಅದೇ. ಮೀಟರ್ ಗೇಜಿನ ಡಬ್ಬಿಗೆ ಪಕ್ಕದ ಬಫರುಗಳನ್ನು ಅಂಟಿಸಿದರೆ ಎಷ್ಟು ಚೆಂದ ಬಣ್ಣ ಹಾಕಿದರೂ ಅದು ಆ ಡಬ್ಬಿ ಆಗುವುದಿಲ್ಲ.

ಸ್ಕ್ರೂ ಕಪ್ಲಿಂಗಿನ ಜಾಣತನ ಅದರ ಎಳೆಗಳಲ್ಲಿದೆ. ನಡುವಿನ ತಿರುಪಿನ ಅರ್ಧಭಾಗಕ್ಕೆ ಬಲಗೈ ಎಳೆ, ಇನ್ನರ್ಧಕ್ಕೆ ಎಡಗೈ ಎಳೆ. ನಡುವೆ ತೂಗುವ ಹಿಡಿಯನ್ನು ತಿರುಗಿಸಿದರೆ ಎರಡೂ ತುದಿಗಳು ಒಟ್ಟಿಗೆ ಒಳಗೆ ಬರುತ್ತವೆ, ಬಫರುಗಳು ಒಂದನ್ನೊಂದು ಒತ್ತಿ ನಿಲ್ಲುತ್ತವೆ, ಗಾಡಿ ಹೊರಡುವಾಗ ಜಗ್ಗಾಟವಿರುವುದಿಲ್ಲ. ಎರಡು ಡಬ್ಬಿಗಳ ನಡುವೆ ಒಂದೇ ಕಪ್ಲಿಂಗ್ ಕೆಲಸ ಮಾಡುತ್ತದೆ; ಇನ್ನೊಂದು ಡಬ್ಬಿಯದು ಸುಮ್ಮನೆ ಇಳಿಬಿದ್ದಿರುತ್ತದೆ. ಮಾದರಿಗಳಲ್ಲಿ ಎರಡನ್ನೂ ಒಂದಕ್ಕೊಂದು ಕೋದಿರುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಬಫರಿನ ತಟ್ಟೆ ಅಷ್ಟು ಅಗಲವಾಗಿರುವುದು ತಿರುವಿನಲ್ಲಿ ಅವು ಒಂದರ ಮೇಲೊಂದು ಪಕ್ಕಕ್ಕೆ ಜಾರಬೇಕಾದ್ದರಿಂದ. ಹಾಗೆ ಉಜ್ಜಿದ ಜಾಗದಲ್ಲಿ ಗ್ರೀಸು ಮೆತ್ತಿ ಹೊಳೆಯುತ್ತದೆ. ತಟ್ಟೆಗೆ ಅಂಚಿನವರೆಗೂ ಒಂದೇ ಬಣ್ಣ ಬಳಿಯಬೇಡಿ.

ಈಗ ಬ್ರೇಕಿಗೆ ಬರುತ್ತೇನೆ. ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು.

ಹಳೆಯ ಗಾಡಿಗಳಲ್ಲಿ ಇದ್ದದ್ದು ವ್ಯಾಕ್ಯೂಮ್ ಬ್ರೇಕು. ಎಂಜಿನ್ನಿನಿಂದ ಕೊನೆಯ ಬ್ರೇಕ್ ವ್ಯಾನಿನವರೆಗೆ, ಅಂದರೆ ಗಾರ್ಡಿನ ಡಬ್ಬಿಯವರೆಗೆ, ಒಂದೇ ಕೊಳವೆ ಸಾಗುತ್ತದೆ, ಎಂಜಿನ್ನು ಅದರೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತದೆ. ನಮ್ಮ ದೇಶದಲ್ಲಿ ಎಂಜಿನ್ನಿನ ಬಳಿ ಸುಮಾರು 530 ಮಿಲಿಮೀಟರ್ ಪಾದರಸದಷ್ಟು ನಿರ್ವಾತ ಇರುತ್ತಿತ್ತು. ಪ್ರತಿ ಡಬ್ಬಿಯ ಕೆಳಗೆ ನೆಟ್ಟಗೆ ನಿಂತ ಒಂದು ಸಿಲಿಂಡರ್, ಅದರೊಳಗೆ ಪಿಸ್ಟನ್, ಪಿಸ್ಟನ್ನಿನ ಸರಳು ಕೆಳಮುಖವಾಗಿ ಹೊರಗೆ ಬಂದಿರುತ್ತದೆ. ಪಿಸ್ಟನ್ನಿನ ಮೇಲೆಯೂ ಕೆಳಗೆಯೂ ನಿರ್ವಾತ ಇದ್ದಾಗ ಅದು ತನ್ನ ತೂಕದಿಂದಲೇ ತಳಕ್ಕೆ ಬಂದು ಕೂರುತ್ತದೆ, ಬ್ರೇಕು ಬಿಟ್ಟಿರುತ್ತದೆ. ಚಾಲಕ ಕೊಳವೆಗೆ ಗಾಳಿ ಬಿಟ್ಟಾಗ ಆ ಗಾಳಿ ಪಿಸ್ಟನ್ನಿನ ಕೆಳಗೆ ನುಗ್ಗುತ್ತದೆ. ಮೇಲ್ಭಾಗಕ್ಕೆ ಹೋಗದಂತೆ ಒಂದು ಪುಟ್ಟ ಗುಂಡಿನ ಕವಾಟ ದಾರಿಯನ್ನು ಮುಚ್ಚುತ್ತದೆ. ಮೇಲೆ ನಿರ್ವಾತ, ಕೆಳಗೆ ಗಾಳಿ. ಪಿಸ್ಟನ್ ಮೇಲಕ್ಕೇರುತ್ತದೆ, ಸರಳು ಬ್ರೇಕ್ ಶಾಫ್ಟಿನ ತೋಳನ್ನು ಎತ್ತುತ್ತದೆ, ಕಟ್ಟೆಗಳು ಗಾಲಿಯನ್ನು ಕಚ್ಚುತ್ತವೆ. ಗಾಡಿ ನಡುವೆ ಕಡಿದು ಎರಡಾದರೂ ಕೊಳವೆ ಬಾಯ್ದೆರೆದು ಗಾಳಿ ನುಗ್ಗಿ ಎರಡೂ ತುಂಡುಗಳು ತಾವಾಗಿಯೇ ನಿಲ್ಲುತ್ತವೆ.

ತಂದೆಯವರ ಪ್ರಶ್ನೆಯ ಅರ್ಥ ಇದು. ಬ್ರೇಕು ಬಿಡಬೇಕಾದರೆ ಪಿಸ್ಟನ್ ತನ್ನ ಭಾರಕ್ಕೆ ತಾನು ಬೀಳಬೇಕು. ಸಿಲಿಂಡರನ್ನು ಅಡ್ಡಲಾಗಿ ಮಲಗಿಸಿದರೆ ಅದು ಬೀಳುವುದೆಲ್ಲಿಗೆ? ಇಷ್ಟು ತಿಳಿದ ಮೇಲೆ ಉಳಿದ ವಿವರಗಳು ತಾವಾಗಿಯೇ ಬರುತ್ತವೆ. ಶಾಫ್ಟಿನ ತೋಳು ಏರುವಾಗ ಕಮಾನಿನ ದಾರಿಯಲ್ಲಿ ಸಾಗುತ್ತದೆ, ಪಿಸ್ಟನ್ನಿನ ಸರಳಾದರೋ ನೇರ. ಎರಡಕ್ಕೂ ಹೊಂದಾಣಿಕೆಯಾಗಲೆಂದು ಸಿಲಿಂಡರನ್ನೇ ಎರಡು ಪಕ್ಕದ ಗೂಟಗಳ ಮೇಲೆ ತೊಟ್ಟಿಲಿನಂತೆ ತೂಗುಬಿಟ್ಟಿರುತ್ತಾರೆ. ತೂಗುವ ಸಿಲಿಂಡರಿಗೆ ಗಟ್ಟಿ ಕೊಳವೆಯನ್ನು ಜೋಡಿಸಲಾಗದು, ಆದ್ದರಿಂದ ಅಲ್ಲಿ ಒಂದು ಗಿಡ್ಡ ರಬ್ಬರ್ ಕೊಳವೆ ಬೇಕು. ಎಂಜಿನ್ನು ಕಳಚಿ ಹೋದ ಮೇಲೆ ಡಬ್ಬಿಯನ್ನು ಯಾರ್ಡಿನಲ್ಲಿ ದೂಡಬೇಕಾದರೆ ಹಿಡಿದಿರುವ ಬ್ರೇಕನ್ನು ಬಿಡಿಸಲು ಪಿಸ್ಟನ್ನಿನ ಮೇಲ್ಭಾಗಕ್ಕೂ ಗಾಳಿ ಬಿಡಬೇಕು. ಅದಕ್ಕೊಂದು ರಿಲೀಸ್ ವಾಲ್ವು, ಅದನ್ನು ಎಳೆಯಲು ಡಬ್ಬಿಯ ಎರಡೂ ಮಗ್ಗುಲಿಗೆ ಚಾಚಿದ ಸಣ್ಣ ತಂತಿ. ಯಾವ ಫೋಟೋದಲ್ಲಿಯೂ ಸರಿಯಾಗಿ ಕಾಣದ ಈ ತಂತಿಯನ್ನು ಹಾಕಿದ ಮಾದರಿಯನ್ನು ಕಂಡರೆ ಮಾಡಿದವರ ಬಗ್ಗೆ ನನಗೆ ಗೌರವ ಮೂಡುತ್ತದೆ. ಕೆಲವು ಹಳೆಯ ಡಬ್ಬಿಗಳಲ್ಲಿ ಕೊಳವೆ ಮಾತ್ರ ಹಾದುಹೋಗಿ, ಸಿಲಿಂಡರ್ ಇರುತ್ತಲೇ ಇರಲಿಲ್ಲ ಎಂಬುದೂ ನೆನಪಿರಲಿ.

ಇಂದಿನ ಏರ್ ಬ್ರೇಕಿನಲ್ಲಿ ಕೊಳವೆಯೊಳಗೆ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಮಿನಷ್ಟು ಒತ್ತಡದ ಗಾಳಿ ಇರುತ್ತದೆ, ಬ್ರೇಕು ಹಿಡಿದಾಗ ಸಿಲಿಂಡರಿನಲ್ಲಿ ಹೆಚ್ಚೆಂದರೆ ಸುಮಾರು 3.8. ನಿರ್ವಾತದ ಬಲವಾದರೋ 0.7ರ ಆಸುಪಾಸು. ಅಷ್ಟೇ ಬಲ ಬೇಕೆಂದರೆ ವ್ಯಾಕ್ಯೂಮ್ ಪಿಸ್ಟನ್ನಿನ ವಿಸ್ತೀರ್ಣ ಐದು ಪಟ್ಟಿಗೂ ಹೆಚ್ಚು ಇರಬೇಕು. ಹಳೆಯ ಸಿಲಿಂಡರ್ ಹಂಡೆಯಂತೆ ದಪ್ಪಗಿರುವುದೂ ಹೊಸದು ಸಣ್ಣದಾಗಿ ಅಡ್ಡ ಮಲಗಿರುವುದೂ ಇದರಿಂದಲೇ. ಹೊಸದರಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ತರಲು ಸ್ಪ್ರಿಂಗ್ ಇದೆ, ತೂಕದ ಹಂಗಿಲ್ಲ. ಒಂದು ಡಬ್ಬಿಯ ಕೊಳವೆಯನ್ನು ಇನ್ನೊಂದರದಕ್ಕೆ ಸೇರಿಸುವ ರಬ್ಬರ್ ಹೋಸ್ ಪೈಪಿನಲ್ಲಿಯೂ ಇದೇ ನ್ಯಾಯ. ವ್ಯಾಕ್ಯೂಮ್ ಪೈಪಿನ ಭಯ ಹೊರಗಿನ ಗಾಳಿ ಒತ್ತಿ ಅದು ಚಪ್ಪಟೆಯಾಗುವುದು, ಆದ್ದರಿಂದ ಒಳಗೆ ಸುರುಳಿ ತಂತಿ ಇಟ್ಟಿರುತ್ತಾರೆ, ಮೈ ಉಂಗುರ ಉಂಗುರವಾಗಿ ಕಾಣುತ್ತದೆ. ಏರ್ ಪೈಪಿನ ಭಯ ಒಡೆಯುವುದು. ಅದರ ಬಲ ಗೋಡೆಯೊಳಗಿನ ಬಟ್ಟೆಯ ಪದರದಲ್ಲಿದೆ, ಮೈ ನುಣುಪು. ಮೊದಲನೆಯದಕ್ಕೆ ಗಿಟಾರಿನ ಸುತ್ತು ಹಾಕಿದ ದಪ್ಪ ತಂತಿಯ ತುಂಡು ಬಹಳ ಚೆನ್ನಾಗಿ ಒಪ್ಪುತ್ತದೆ. ಎರಡನೆಯದಕ್ಕೆ ವಿದ್ಯುತ್ ವಯರಿನ ಮೇಲಿನ ಪದರ ಸಾಕು. ಎರಡು ಕೊಳವೆಗಳಿರುವ ಏರ್ ಬ್ರೇಕಿನಲ್ಲಿ ಬ್ರೇಕ್ ಪೈಪಿಗೆ ಹಸಿರು, ಗಾಳಿ ಒದಗಿಸುವ ಫೀಡ್ ಪೈಪಿಗೆ ಬಿಳಿ ಬಣ್ಣ.

ಬ್ರೇಕಿನ ಸರಳುಗಳ ದಪ್ಪವನ್ನು ಹೇಗೆ ನಿರ್ಧರಿಸುವುದು ಎಂದು ಒಬ್ಬ ವಿದ್ಯಾರ್ಥಿನಿ ಬೆಳಿಗ್ಗೆ ಕೇಳಿದರು. ಹಗ್ಗದಿಂದ ಎಳೆಯಬಹುದು, ಹಗ್ಗದಿಂದ ದೂಡಲಾಗದು. ಸರಳಿಗೂ ಇದು ಸಲ್ಲುತ್ತದೆ. ಎಳೆಯುವ ಸರಳು ತೆಳ್ಳಗಿದ್ದರೂ ಆದೀತು, ದೂಡುವುದು ಬಾಗದಂತೆ ದಪ್ಪ ಪಟ್ಟಿಯಾಗಿರಬೇಕು. ಯಾವುದು ಎಳೆಯುತ್ತದೆ, ಯಾವುದು ದೂಡುತ್ತದೆ ಎಂದು ಬೆರಳಿನಲ್ಲಿ ಗುರುತಿಸಿಕೊಂಡರೆ ದಪ್ಪ ತಾನೇ ತಿಳಿಯುತ್ತದೆ. ಸರಳುಗಳ ಕೆಳಗೆ ಅಲ್ಲಲ್ಲಿ ಕಾಣುವ ಕಬ್ಬಿಣದ ಕುಣಿಕೆಗಳು ಯಾವುದನ್ನೂ ಹೊತ್ತಿರುವುದಿಲ್ಲ. ಪಿನ್ನು ಬಿದ್ದು ಸರಳು ಕಳಚಿದರೆ ಅದು ಹಳಿಯ ಮೇಲೆ ಬಿದ್ದು ಗಾಡಿಯನ್ನು ಉರುಳಿಸದಂತೆ ತಡೆಯುವ ಕಾವಲು ಅವು. ಆದ್ದರಿಂದ ಕುಣಿಕೆಗೂ ಸರಳಿಗೂ ನಡುವೆ ತೆರಪಿರಬೇಕು.

ಕೈಬ್ರೇಕಿನ ಸನ್ನೆಯಲ್ಲಿ ತಪ್ಪುಗಳು ಹೆಚ್ಚು. ನಿಮ್ಮಲ್ಲಿ ಕೆಲವರು ಬ್ರಿಟಿಷ್ ವ್ಯಾಗನ್ನಿನ ಕಿಟ್ ತರಿಸಿ ಮಾಡಿದ್ದೀರಿ. ಅಲ್ಲಿ ಹಿಂದೆ ಒಂದೇ ಮಗ್ಗುಲಿಗೆ ಸನ್ನೆ ಇರುತ್ತಿತ್ತು. ಶಂಟಿಂಗ್ ಮಾಡುವವರು ಹಳಿ ದಾಟಿ, ಚಲಿಸುವ ಡಬ್ಬಿಗಳ ನಡುವೆ ನುಸುಳಿ ಜೀವ ಕಳೆದುಕೊಳ್ಳುತ್ತಿದ್ದರು. ಎರಡೂ ಮಗ್ಗುಲಿಂದ ಬ್ರೇಕು ಹಾಕುವಂತಿರಬೇಕೆಂಬ ನಿಯಮ 1911ರಲ್ಲಿ ಬಂತು. ಯಾವ ಮಗ್ಗುಲಿನಲ್ಲಿ ನಿಂತರೂ ಸನ್ನೆಯ ಹಿಡಿ ನೋಡುವವರ ಬಲಗಡೆಗೇ ಇರಬೇಕೆಂದು ಇಟ್ಟುಕೊಳ್ಳಿ. ಈಚೆಯವರು ಒತ್ತಿದಾಗ ನಡುವಿನ ಅಡ್ಡ ಶಾಫ್ಟು ಒಂದು ದಿಕ್ಕಿಗೆ ತಿರುಗಿದರೆ, ಆಚೆಯವರು ಒತ್ತಿದಾಗ ಅದೇ ಶಾಫ್ಟು ವಿರುದ್ಧ ದಿಕ್ಕಿಗೆ ತಿರುಗಬೇಕಾಗುತ್ತದೆ, ಬ್ರೇಕು ಹಿಡಿಯುವ ಬದಲು ಬಿಟ್ಟುಹೋಗುತ್ತದೆ. ಇದನ್ನು ಸರಿಪಡಿಸಲು ಒಂದು ಮಗ್ಗುಲಿನಲ್ಲಿ ಮಾತ್ರ ದಿಕ್ಕು ಬದಲಿಸುವ ಹಲ್ಲಿನ ಜೋಡಣೆ ಇರುತ್ತದೆ. ಅದನ್ನೇ ಮೋರ್ಟನ್ ಬ್ರೇಕು ಎನ್ನುತ್ತಾರೆ. ಎರಡೂ ಮಗ್ಗುಲುಗಳನ್ನು ಒಂದೇ ಬಗೆಯಾಗಿ ಮಾಡಿಬಿಟ್ಟರೆ ಒಂದು ಕಡೆಯ ಸನ್ನೆ ತಪ್ಪು ಕೆಲಸ ಮಾಡುತ್ತದೆ. ಒಂದು ಸರಳು ಕಡ್ಡಿಗೆ ಎರಡು ರಟ್ಟಿನ ತೋಳು ಚುಚ್ಚಿ, ಕೈಯಲ್ಲಿ ತಿರುಗಿಸಿ ನೋಡಿದರೆ ಐದು ನಿಮಿಷದಲ್ಲಿ ಮನದಟ್ಟಾಗುತ್ತದೆ.

ನಮ್ಮ ಅದಿರಿನ ಗಾಡಿಗಳನ್ನು ಮಾಡುವವರು ‘ಎಂಪ್ಟಿ–ಲೋಡ್’ ಹ್ಯಾಂಡಲನ್ನು ಮರೆಯಬಾರದು. ಬಾಕ್ಸ್‌ಎನ್ ಡಬ್ಬಿ ಖಾಲಿ ಇದ್ದಾಗ ಸುಮಾರು 22.5 ಟನ್ ತೂಗುತ್ತದೆ, ತುಂಬಿದಾಗ 81.28 ಟನ್. ತುಂಬಿದ ಡಬ್ಬಿಗೆ ಬೇಕಾದ ಬ್ರೇಕಿನ ಬಲವನ್ನು ಖಾಲಿ ಡಬ್ಬಿಗೆ ಕೊಟ್ಟರೆ ಗಾಲಿ ತಿರುಗುವುದನ್ನೇ ನಿಲ್ಲಿಸಿ ಹಳಿಯ ಮೇಲೆ ಉಜ್ಜಿ ಚಪ್ಪಟೆಯಾಗುತ್ತದೆ. ಆದ್ದರಿಂದ ಡಬ್ಬಿ ತುಂಬಿದಾಗ ಸಿಬ್ಬಂದಿ ಮಗ್ಗುಲಿನ ಹ್ಯಾಂಡಲನ್ನು ಒಂದು ಕಡೆಗೆ, ಖಾಲಿಯಾದಾಗ ಇನ್ನೊಂದು ಕಡೆಗೆ ತಿರುಗಿಸುತ್ತಾರೆ. ಮಾದರಿಯಲ್ಲಿ ಅದಿರು ತುಂಬಿ ಹ್ಯಾಂಡಲನ್ನು ಖಾಲಿಯ ಕಡೆಗೆ ಬಿಡಬೇಡಿ. ಅದಿರನ್ನು ತುಂಬುವುದರಲ್ಲಿಯೂ ಎಚ್ಚರ ಬೇಕು: ಅದು ಎಷ್ಟು ಭಾರವೆಂದರೆ ಡಬ್ಬಿಯ ಅರ್ಧ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ. ಅಂಚಿನವರೆಗೆ ತುಂಬಿರುವುದನ್ನು ಕಾಣಬೇಕಾದರೆ ರಾಯಚೂರಿನ ಶಕ್ತಿನಗರಕ್ಕೆ ಹೋಗುವ ಕಲ್ಲಿದ್ದಲಿನ ಗಾಡಿಯನ್ನು ನೋಡಬೇಕು.

ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. “ನಾನು ಇಡೀ ಗಾಡಿಯನ್ನು ಮಾಡುವುದಿಲ್ಲ, ಒಂದೇ ಡಬ್ಬಿಯನ್ನು ಕಪಾಟಿನಲ್ಲಿ ಇಡುತ್ತೇನೆ. ಹೋಸ್ ಪೈಪು, ಕಪ್ಲಿಂಗುಗಳನ್ನು ಹೇಗೆ ತೋರಿಸಲಿ?” ಎಂದು ಅವರು ಕೇಳಿದರು. ಒಂಟಿಯಾಗಿ ಸೈಡಿಂಗಿನಲ್ಲಿ ನಿಂತ ಡಬ್ಬಿಯಂತೆ ತೋರಿಸಿ. ಕೈಬ್ರೇಕಿನ ಸನ್ನೆ ಕೆಳಗಿರಲಿ, ಅದನ್ನು ಹಿಡಿದಿಡುವ ಪಿನ್ನು ತೂತಿನಲ್ಲಿರಲಿ. ಸನ್ನೆ ಮೇಲಿದ್ದರೆ ಗಾಳಿಗೂ ಡಬ್ಬಿ ಉರುಳೀತು. ಗಾಲಿಯ ಕೆಳಗೆ ಒಂದು ಕಟ್ಟಿಗೆಯ ತುಂಡು ಇಟ್ಟರೂ ಸರಿ. ಹೋಸ್ ಪೈಪು ಗಾಳಿಯಲ್ಲಿ ಜೋತಾಡಬಾರದು. ಡಬ್ಬಿಯ ತುದಿಯ ತೊಲೆಯ ಮೇಲೆ ‘ಡಮ್ಮಿ’ ಎಂಬ ಮುಚ್ಚುವ ಗೂಟವಿರುತ್ತದೆ, ಪೈಪಿನ ಬಾಯಿಯನ್ನು ಅದರ ಮೇಲೆ ಕೂರಿಸಿ. ಗಾಡಿಯ ಕೊನೆಯ ಡಬ್ಬಿಯಲ್ಲಿ ಆ ಬಾಯಿ ಡಮ್ಮಿಯ ಮೇಲೆ ಬಿಗಿಯಾಗಿ ಕೂರದಿದ್ದರೆ ಎಂಜಿನ್ನು ಎಷ್ಟು ಹೀರಿದರೂ ನಿರ್ವಾತ ಬರುವುದಿಲ್ಲ, ಗಾಡಿ ಕದಲುವುದಿಲ್ಲ. ತಂದೆಯವರು ರಾತ್ರಿ ಪಾಳಿಯಲ್ಲಿ ಲಾಟೀನು ಹಿಡಿದು ಗಾಡಿಯುದ್ದಕ್ಕೂ ನಡೆದು, ಕೊನೆಯದಾಗಿ ಕೈಯಿಟ್ಟು ಒತ್ತಿ ನೋಡುತ್ತಿದ್ದುದು ಈ ಡಮ್ಮಿಯನ್ನೇ.